ಸೈಟು ನಮ್ಮದು, ಖಾತೆ ಯಾರದು?

ಕೋಲಾರ ಸೀಮೆಯಲ್ಲಿ ಸೈಟು ಎಂದರೆ ಮೊದಲು ನೆನಪಾಗುವುದು ಮೂವತ್ತು–ನಲವತ್ತರ ನಿವೇಶನ. ಅದನ್ನು ಕೊಳ್ಳುವಾಗ ನಮ್ಮ ಜನ ಇ.ಸಿ. ತೆಗೆಸುತ್ತಾರೆ, ಖಾತೆ ನೋಡುತ್ತಾರೆ, ಚೆಕ್ಕುಬಂದಿ ಅಳೆಸುತ್ತಾರೆ, ಗೊತ್ತಿರುವ ವಕೀಲರಿಗೆ ಪತ್ರಗಳನ್ನು ತೋರಿಸುತ್ತಾರೆ. ಅದೇ ಜನ ವೆಬ್‌ಸೈಟ್ ಮಾಡಿಸುವಾಗ ಒಂದು ಕಾಗದವನ್ನೂ ಕೇಳುವುದಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಿರಲಿ, ಮುಳಬಾಗಿಲಿನ ಖಾಸಗಿ ಶಾಲೆಯಿರಲಿ, ಶ್ರೀನಿವಾಸಪುರದ ಮಾವಿನ ಮಂಡಿಯಿರಲಿ, ಸಣ್ಣ ವ್ಯವಹಾರಗಳಲ್ಲಿ ಸೈಟು ಕಟ್ಟಿಕೊಡುವ ಹುಡುಗನೇ ಅದರ ಹೆಸರಾದ ಡೊಮೈನನ್ನೂ ತನ್ನ ಇಮೇಲಿಗೆ, ತನ್ನ ಮೊಬೈಲಿಗೆ ಕೊಂಡುಬಿಡುವುದು ಸುಲಭದ ದಾರಿ. ಹಣ ಕೊಟ್ಟವರು ಮಾಲೀಕರು, ದಾಖಲೆ ಇನ್ನೊಬ್ಬರದು. ವೆಬ್‌ಸೈಟ್ ಕೆಟ್ಟಿತೆಂದು ಒದ್ದಾಡುವ ಎಷ್ಟೋ ಸಲ ನಿಜವಾಗಿ ಕೆಟ್ಟಿರುವುದು ಈ ದಾಖಲೆಯೇ.

ಬೆಳಿಗ್ಗೆ "ಸೈಟ್ ಓಪನ್ ಆಗ್ತಿಲ್ಲ" ಎಂಬ ಫೋನ್ ಬಂದಾಗ ತಂತ್ರಜ್ಞ ಮೊದಲು ನೋಡುವುದು ಸರ್ವರನ್ನು. ಅದು ಓಡುತ್ತಿರುತ್ತದೆ, ಫೋಟೊ, ದರಪಟ್ಟಿ ಎಲ್ಲ ಇಟ್ಟಲ್ಲೇ ಇರುತ್ತವೆ. ಹೆಸರನ್ನು ಸರ್ವರಿನ ಸಂಖ್ಯೆಗೆ ಜೋಡಿಸುವ ಡಿಎನ್‌ಎಸ್ ಮಾತ್ರ ಬಾಯಿ ಬಿಡುವುದಿಲ್ಲ, ಇಲ್ಲವೇ ಜಾಹೀರಾತು ತುಂಬಿದ ಯಾವುದೋ ಪುಟದತ್ತ ಕೈ ತೋರಿಸುತ್ತದೆ. ಕೊನೆಗೆ ಡೊಮೈನಿನ ನೋಂದಣಿ ವಿವರ ತೆರೆದರೆ 'ಸ್ಟೇಟಸ್' ಎಂಬ ಸಾಲಿನಲ್ಲಿ 'ಕ್ಲೈಂಟ್ ಹೋಲ್ಡ್' ಎಂದೋ 'ರಿಡೆಂಪ್ಷನ್ ಪೀರಿಯಡ್' ಎಂದೋ ಬರೆದಿರುತ್ತದೆ. ಮೊದಲನೆಯದು ಹಣ ಕಟ್ಟಿದ್ದರೂ ಬರಬಹುದು: ಡಾಟ್ ಕಾಮ್‌ನಂಥ ಹೆಸರುಗಳಿಗೆ, ಇಮೇಲ್ ದೃಢೀಕರಿಸಿ ಎಂದು ಬಂದ ಪತ್ರಕ್ಕೆ 15 ದಿನದೊಳಗೆ ಉತ್ತರಿಸದಿದ್ದರೆ ಹೆಸರನ್ನು ತಡೆಹಿಡಿಯಲು ಡೊಮೈನ್ ಹೆಸರುಗಳ ಜಾಗತಿಕ ಸಂಸ್ಥೆಯಾದ ಐಕ್ಯಾನ್‌ನ ನಿಯಮದಲ್ಲಿ ಅವಕಾಶವಿದೆ. ಎರಡನೆಯದು ಅವಧಿ ಮುಗಿದು ಹೆಸರು ಅಳಿಸಿದ ನಂತರದ 30 ದಿನ. ಆಗ ಬಿಡಿಸಿಕೊಳ್ಳಲು ನವೀಕರಣ ಶುಲ್ಕದ ಹಲವು ಪಟ್ಟು ತೆರಬೇಕು. ಅದೂ ಕಳೆದರೆ ಇನ್ನು 5 ದಿನ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಮತ್ತು ಒಂದು ವಾರದ ಮೊದಲು ಡೊಮೈನ್ ಮಾರುವ ರಿಜಿಸ್ಟ್ರಾರ್ ಎಚ್ಚರಿಕೆ ಕಳಿಸುವುದು ಕಡ್ಡಾಯ. ಆದರೆ ಅದು ಹೋಗುವುದು ದಾಖಲೆಯಲ್ಲಿರುವ ಇಮೇಲಿಗೆ. ಆ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ನಂಬರ್ ಬದಲಿಸಿದ್ದರೆ ಮಂಡಿಯವರಿಗೆ ಸುದ್ದಿ ಮುಟ್ಟುವ ದಾರಿಯೇ ಇಲ್ಲ. ಅದೇ ಡೊಮೈನಿನ ಇಮೇಲನ್ನೇ ಸಂಪರ್ಕಕ್ಕೆ ಕೊಟ್ಟಿದ್ದರಂತೂ ಹೆಸರು ನಿಂತ ದಿನವೇ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಪತ್ರವೂ ಬರುವುದಿಲ್ಲ. ಬೀಗದ ಕೈ ಒಳಗಿಟ್ಟು ಕದ ಎಳೆದುಕೊಂಡಂತೆ.

ಮರೆವು ದೊಡ್ಡವರನ್ನೂ ಬಿಟ್ಟಿಲ್ಲ, ಇದಕ್ಕೇಕೆ ಖಾತೆಯ ಮಾತು ಎನ್ನಬಹುದು. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್, ಹಾಟ್‌ಮೇಲ್ ಲಾಗಿನ್ ನಡೆಸುತ್ತಿದ್ದ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ 35 ಡಾಲರ್ ಕಟ್ಟಲು ಮರೆತು ಹಾಟ್‌ಮೇಲ್ ಬಳಕೆದಾರರು ಪರದಾಡಿದ್ದು ನಿಜ. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಆ ಹಣವನ್ನು ತಾನೇ ಕಟ್ಟಿದ. ಹಣ ಕಟ್ಟಿದ್ದು ಹೊರಗಿನವನಾದರೂ ಹೆಸರು ಮೈಕ್ರೋಸಾಫ್ಟಿನದಾಗಿಯೇ ಉಳಿಯಿತು, ಏಕೆಂದರೆ ದಾಖಲೆ ಅದರ ಹೆಸರಿನಲ್ಲಿತ್ತು. ಮರೆತವರಿಗೆ ದಾಖಲೆ ಎರಡನೇ ಅವಕಾಶ ಕೊಡುತ್ತದೆ; ದಾಖಲೆ ಇಲ್ಲದವರು ಅಂಗಲಾಚಬೇಕು. ದಾಖಲೆ ಯಾರ ಹೆಸರಿನಲ್ಲಿದೆ ಎಂಬುದನ್ನು, ಪಹಣಿಯಾದರೆ, ಭೂಮಿ ಯೋಜನೆಯಿಂದಾಗಿ ಸರ್ವೆ ನಂಬರ್ ಗೊತ್ತಿದ್ದ ಯಾರಾದರೂ ನೋಡಬಹುದು. ಡೊಮೈನಿನಲ್ಲಿ ಅದೂ ಕಷ್ಟ: 2018ರ ಯುರೋಪಿನ ಖಾಸಗಿತನದ ಕಾನೂನಿನ ನಂತರ ನೋಂದಾಯಿಸಿದವರ ಹೆಸರು ಬಹುಮಟ್ಟಿಗೆ ಮರೆಯಾಗಿದೆ. ಮೇಲಾಗಿ ಡೊಮೈನ್ ಕೊಳ್ಳುವುದು ಕ್ರಯವಲ್ಲ, ಗುತ್ತಿಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷ.

ಸೈಟು ಕಟ್ಟುವವರ ವಾದದಲ್ಲೂ ಹುರುಳಿದೆ. ಮಾಲೀಕರು ಪಾಸ್‌ವರ್ಡ್ ಕಳೆದುಕೊಳ್ಳುತ್ತಾರೆ, ಓಟಿಪಿ ಕೇಳಿದರೆ ಮೋಸವೆಂದು ಹೆದರುತ್ತಾರೆ, ನವೀಕರಣಕ್ಕೆ ನಾಲ್ಕು ಸಲ ಫೋನ್ ಮಾಡಿಸುತ್ತಾರೆ. ಎಲ್ಲ ನಮ್ಮಲ್ಲೇ ಇದ್ದರೆ ಅವರಿಗೇ ನೆಮ್ಮದಿ ಎನ್ನುತ್ತಾರೆ. ಇವರಲ್ಲಿ ಹೆಚ್ಚಿನವರು ಮೋಸಗಾರರಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕೆಲಸ ನೋಡಿಕೊಳ್ಳುವುದು ಬೇರೆ, ಒಡೆತನ ಬೇರೆ. ಮಾಲೀಕರ ಹೆಸರಿನಲ್ಲಿ ಖಾತೆ ತೆರೆದು, ನಿರ್ವಹಣೆಯ ಅನುಮತಿಯನ್ನಷ್ಟೇ ಇನ್ನೊಬ್ಬರಿಗೆ ಕೊಡುವ ಏರ್ಪಾಡು ದೊಡ್ಡ ರಿಜಿಸ್ಟ್ರಾರ್‌ಗಳಲ್ಲಿದೆ. ತೋಟ ನೋಡಿಕೊಳ್ಳುವವನಿಗೆ ಯಾರೂ ಪಹಣಿ ಬರೆದುಕೊಡುವುದಿಲ್ಲವಲ್ಲ.

ವಾಟ್ಸ್‌ಆ್ಯಪ್ ಇರುವಾಗ ಸೈಟೇ ಬೇಡ ಎನ್ನುವವರು 2025ರ ಜೂನ್ ನೆನಪಿಸಿಕೊಳ್ಳಲಿ. ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಮಾವಿಗೆ ತಡೆ ಹಾಕಿದಾಗ ಶ್ರೀನಿವಾಸಪುರದ ಹಣ್ಣಿಗೆ ಅಲ್ಲಿನ ಪಲ್ಪ್ ಕಾರ್ಖಾನೆಗಳ ಬಾಗಿಲು ಮುಚ್ಚಿತು. ತೋತಾಪುರಿಯ ರಾಶಿಯನ್ನು ವೆಬ್‌ಸೈಟ್ ಕರಗಿಸಲಾರದು, ನಿಜ. ಆದರೆ ಒಂದೇ ಬಾಗಿಲನ್ನು ನಂಬಿದರೆ ಏನಾಗುತ್ತದೆಂದು ಬೆಳೆಗಾರರು ಆಗ ಕಂಡರು. ದೂರದ ಗಿರಾಕಿಯನ್ನು ತಾವೇ ಹುಡುಕಿಕೊಳ್ಳಬೇಕಾದವರಿಗೆ ಸ್ವಂತ ಹೆಸರು ಬೇಕು, ಅದೂ ಮೇ, ಜೂನ್ ತಿಂಗಳಲ್ಲಿ ನಿಲ್ಲದ ಹೆಸರು. ಹೆಸರಿನ ಬೆಲೆ ರಿಸರ್ವ್ ಬ್ಯಾಂಕಿಗೂ ಗೊತ್ತು: ಸಹಕಾರಿ ಬ್ಯಾಂಕುಗಳೂ ಸೇರಿ ಎಲ್ಲ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕೆಂದು ಅದು ಆದೇಶಿಸಿತು.

ಸಣ್ಣ ವ್ಯಾಪಾರಿಗೆ ಅಂಥ ಆದೇಶ ಹೊರಡಿಸುವವರಿಲ್ಲ. ಕೋಲಾರದ ಜಿಲ್ಲಾ ಕೈಗಾರಿಕಾ ಕೇಂದ್ರ ತನ್ನ ತರಬೇತಿಗಳಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಲಿ. ಸೈಟು ಕಟ್ಟುವವರು ಬಿಲ್ಲಿನಲ್ಲೇ ಡೊಮೈನ್ ಯಾರ ಹೆಸರಿನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತದೆ, ಓಟಿಪಿ ಯಾರ ಫೋನಿಗೆ ಬರುತ್ತದೆ ಎಂದು ಬರೆದುಕೊಡಲಿ. ಮಂಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಸಾಲದ ಕಂತಿನ ಪಕ್ಕ ಆ ತಾರೀಖನ್ನೂ ಗುರುತು ಹಾಕಲು ಜಾಗವಿದೆ.