ಹಲ್ಲು ಹೋಯಿತು, ಹೆಪ್ಪು ಉಳಿಯಲಿ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ವಾಚಕರೆಲ್ಲರೂ ಬಲ್ಲರು. ನನ್ನ ಪಾಡು ಆ ಗಾದೆಗೂ ಸಿಕ್ಕದೆ ಹೋಯಿತು. ಬಾಯಲ್ಲಿ ಇನ್ನೂ 31 ಹಲ್ಲುಗಳಿದ್ದವು. ಬೀದಿಯುದ್ದಕ್ಕೂ ರಾಶಿ ರಾಶಿ ಕಡಲೆಕಾಯಿಯಿತ್ತು. ಇಲ್ಲದಿದ್ದುದು ಅಪ್ಪಣೆ ಮಾತ್ರ.

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದಕ್ಕೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ, ಬಹುಕಾಲದಿಂದ ಪೀಡಿಸುತ್ತಿದ್ದ ಕೆಳದವಡೆಯ ಬುದ್ಧಿಹಲ್ಲನ್ನು ಕೀಳಿಸಿಕೊಂಡೆ. ಮೇಷ್ಟರ ಬಾಯಿಂದ ಬುದ್ಧಿಹಲ್ಲು ಹೋದರೆ ವಿದ್ಯಾರ್ಥಿಗಳಿಗೇನೂ ನಷ್ಟವಿಲ್ಲವೆಂದು ನನ್ನಾಕೆ ಸಮಾಧಾನ ಹೇಳಿದಳು. ದಂತವೈದ್ಯರು ಹಲ್ಲು ಕಿತ್ತ ಗುಳಿಯ ಮೇಲೆ ಹತ್ತಿಬಟ್ಟೆಯ ಸುರುಳಿಯನ್ನಿಟ್ಟು, ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಬೇಕೆಂದು ಹೇಳಿ, ತಿನ್ನಬೇಕಾದುದು, ತಿನ್ನಬಾರದುದು ಎಂದು ಎರಡು ಪಟ್ಟಿಗಳಿದ್ದ ಚೀಟಿಯೊಂದನ್ನು ಕೈಗಿತ್ತರು. ಬಟ್ಟೆಯನ್ನು ಕಚ್ಚಿಕೊಂಡೆ, ಚೀಟಿಯನ್ನು ಜೇಬಿಗೆ ಸೇರಿಸಿದೆ. ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಓದದ ಹುಡುಗರನ್ನು ವರ್ಷವಿಡೀ ಗದರಿಸುವವನು ನಾನೇ!

ಮನೆಯಲ್ಲಿ ಉಪಚಾರಕ್ಕೆ ಕೊರತೆಯಿರಲಿಲ್ಲ. "ಬಿಸಿನೀರಿಗೆ ಉಪ್ಪು ಹಾಕಿದೀನಿ. ಚೆನ್ನಾಗಿ ಬಾಯಿ ಮುಕ್ಕಳಿಸಿ ಉಗುಳೋ, ಕೆಟ್ಟ ರಕ್ತವೆಲ್ಲ ಹೋಗಲಿ" ಎಂದರು ಅಮ್ಮ. ಹಾಗೆಯೇ ಮಾಡಿದೆ. ಊರಿನಿಂದ ಬಂದಿದ್ದ ಸೋದರಮಾವನವರು, "ಒಂದು ಲೋಟ ಬಿಸಿ ಕಾಫಿ ಕುಡಿಯಪ್ಪ, ನೋವು ಎಲ್ಲಿರುತ್ತೆ?" ಎಂದರು. ಕುಡಿದೆ. ಭಾನುವಾರ ನೋವು ಇಳಿದಿತ್ತು. ಸೋಮವಾರ ಮಗಳ ಕೈಹಿಡಿದು ಪರಿಷೆಗೆ ಹೋಗಿ, ಸ್ಟ್ರಾ ಹಾಕಿ ಎಳನೀರು ಹೀರಿ, ಹುರಿದ ಕಡಲೆಕಾಯಿಯನ್ನು ಇನ್ನೊಂದು ಪಕ್ಕದಲ್ಲಿ ಅಗಿದುಕೊಂಡು ಬಂದೆ.

ಅಂದು ರಾತ್ರಿ ಗುಳಿಯಿಂದ ಹೊರಟ ನೋವು ಕಿವಿಯವರೆಗೆ ಸೆಳೆಯತೊಡಗಿತು. ಹಲ್ಲಿದ್ದಾಗಲೂ ಅಂಥ ನೋವನ್ನು ಕಂಡವನಲ್ಲ. ಬಾಯಲ್ಲಿ ಏನೋ ಕೆಟ್ಟ ರುಚಿ. ಮಂಗಳವಾರ ತರಗತಿಯಲ್ಲಿ ಪಂಪನ ಕರ್ಣನ ವ್ಯಥೆಯನ್ನು ಹೇಳಬೇಕಾಗಿದ್ದವನು, ನನ್ನ ಕರ್ಣದ ವ್ಯಥೆಯನ್ನು ಹೇಳಿಕೊಳ್ಳಲು ವೈದ್ಯರಲ್ಲಿಗೆ ಓಡಿದೆ.

ಅವರು ಬಾಯಿ ನೋಡಿ, "ಮೇಷ್ಟ್ರೇ, ಹಾಲಿಗೆ ಹೆಪ್ಪು ಹಾಕಿದ ಮೇಲೆ ನಿಮ್ಮ ಮನೆಯಲ್ಲಿ ಪಾತ್ರೆಯನ್ನು ಅಲ್ಲಾಡಿಸುತ್ತಾರೆಯೆ?" ಎಂದು ಕೇಳಿದರು.

ಇಲ್ಲವೆಂದೆ.

"ಮತ್ತೆ ಈ ಹೆಪ್ಪನ್ನೇಕೆ ಅಲ್ಲಾಡಿಸಿದಿರಿ?"

ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಕನ್ನಡದ ಒಂದು ಮಾತನ್ನು ದಂತವೈದ್ಯರು ಕಲಿಸಬೇಕಾಯಿತು. ಹಾಲನ್ನು ಮೊಸರಾಗಿಸುವುದು ಹೆಪ್ಪು; ರಕ್ತ ಗಟ್ಟಿಯಾಗುವುದಕ್ಕೂ ನಾವು ಹೆಪ್ಪುಗಟ್ಟುವುದೆಂದೇ ಹೇಳುತ್ತೇವೆ. ಹಲ್ಲು ಕಿತ್ತ ಗುಳಿಯಲ್ಲಿ ತುಂಬಿ ನಿಲ್ಲುವ ರಕ್ತ 'ಕೆಟ್ಟ ರಕ್ತ'ವಲ್ಲ. ಅದೇ ಗಾಯದ ಮುಚ್ಚಳ. ಒಳಗಿನ ಎಲುಬನ್ನೂ ನರದ ತುದಿಗಳನ್ನೂ ಅದು ಕಾಯುತ್ತದೆ. ಹೊಸ ಮಾಂಸ ಬೆಳೆಯುವುದೂ ಅದರ ಆಶ್ರಯದಲ್ಲಿಯೇ. ಆ ಹೆಪ್ಪು ಕಳಚಿದರೆ ಅಥವಾ ಕರಗಿದರೆ ಎಲುಬು ಬರಿದಾಗಿ ನಿಲ್ಲುತ್ತದೆ. ವೈದ್ಯರು 'ಡ್ರೈ ಸಾಕೆಟ್' ಎನ್ನುವುದು ಇದನ್ನೇ. ಕೆಳದವಡೆಯ ಬುದ್ಧಿಹಲ್ಲುಗಳಲ್ಲಿ ಇದರ ಕಾಟ ಹೆಚ್ಚು. ನನ್ನ ಅಪರಾಧಗಳಲ್ಲಿ ಇದಕ್ಕೆ ಕಾರಣವಾದುದು ಯಾವುದೆಂದು ಹೇಳಲು ವೈದ್ಯರಿಗೂ ಆಗಲಿಲ್ಲ. ನಾನು ಒಂದನ್ನೂ ಬಿಟ್ಟಿರಲಿಲ್ಲವಷ್ಟೆ. ಗುಳಿಯನ್ನು ತೊಳೆದು ಔಷಧದ ಪಟ್ಟಿಯಿಟ್ಟರು, ನೋವು ತಗ್ಗಿತು.

ಮನೆಗೆ ಬಂದು ಜೇಬಿನ ಚೀಟಿಯನ್ನು ತೆಗೆದು ಓದಿದೆ. ಅದರಲ್ಲಿದ್ದ ಪ್ರತಿಯೊಂದು ಮಾತೂ ಆ ಹೆಪ್ಪನ್ನು ಉಳಿಸುವುದಕ್ಕಾಗಿಯೇ ಇತ್ತು. ಅದರ ಸಾರವನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ.

ಮೊದಲು, ಜೋಮು ಇಳಿಯುವವರೆಗೆ ಏನನ್ನೂ ತಿನ್ನಬಾರದು. ಇದಕ್ಕೆ ಎರಡು ಮೂರು ಗಂಟೆ ಬೇಕು. ಕೆಲವೊಮ್ಮೆ ಇನ್ನೂ ಹೆಚ್ಚು. ಅದಕ್ಕೆ ಮೊದಲೇ ತಿಂದರೆ ಸ್ವಂತ ತುಟಿಯನ್ನೋ ನಾಲಗೆಯನ್ನೋ ಕಚ್ಚಿಕೊಂಡರೂ ತಿಳಿಯುವುದಿಲ್ಲ. ಮಕ್ಕಳ ವಿಷಯದಲ್ಲಂತೂ ಕಣ್ಣಿಟ್ಟಿರಬೇಕು.

ಮೊದಲ ದಿನದ ಆಹಾರ ತಣ್ಣಗೂ ಮೆತ್ತಗೂ ಇರಬೇಕು. ಚೆನ್ನಾಗಿ ಕಿವುಚಿದ ಮೊಸರನ್ನ, ಆರಿದ ರಾಗಿ ಗಂಜಿ, ಮಜ್ಜಿಗೆ, ಹಿಸುಕಿದ ಏಲಕ್ಕಿ ಬಾಳೆ, ಹಾಲಿನಲ್ಲಿ ನೆನೆಸಿದ ಇಡ್ಲಿ ಇವೆಲ್ಲ ಆಗಬಹುದು. ಮೊಸರನ್ನಕ್ಕೆ ಒಗ್ಗರಣೆ ಬೇಡ. ಸಾಸಿವೆ ಕಾಳು ಗುಳಿಯಲ್ಲಿ ಕುಳಿತರೆ ಏಳುವುದಿಲ್ಲ. ಐಸ್‌ಕ್ರೀಮನ್ನೂ ತಿನ್ನಬಹುದೆಂದು ಕೇಳಿ ಮಗಳಿಗೆ ಹೊಟ್ಟೆಕಿಚ್ಚಾಯಿತು. ಆದರೆ ಅದರಲ್ಲಿ ಬಾದಾಮಿ, ಗೋಡಂಬಿಗಳ ಚೂರಿರಬಾರದು. ಎಳನೀರು ಒಳ್ಳೆಯದೇ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಬೇಕು. ಸ್ಟ್ರಾದಲ್ಲಿ ಹೀರುವ ಸೆಳೆತಕ್ಕೆ ಹೆಪ್ಪು ಕಿತ್ತುಬರಬಹುದು. 24 ಗಂಟೆಗಳ ಕಾಲ ಬಾಯಿ ಮುಕ್ಕಳಿಸುವುದೂ ಉಗುಳುವುದೂ ಕೂಡದು. ಬಿಸಿ ಕಾಫಿಯೂ ಕೂಡದು. ಬಿಸಿ ತಗುಲಿದರೆ ನಿಂತ ರಕ್ತ ಮತ್ತೆ ಹರಿಯಬಹುದು. ಎಂಜಲಿನಲ್ಲಿ ಒಂದು ದಿನ ಸ್ವಲ್ಪ ಕೆಂಪು ಕಂಡರೆ ಗಾಬರಿಪಡಬೇಕಾಗಿಲ್ಲ.

ಎರಡನೆಯ ದಿನದಿಂದ ಅಮ್ಮನ ಉಪ್ಪುನೀರಿಗೆ ಗೌರವದ ಸ್ಥಾನವಿದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ಊಟವಾದ ಮೇಲೆ ಬಾಯಲ್ಲಿ ಮೆಲ್ಲನೆ ಆಡಿಸಿ, ತಲೆ ಬಾಗಿಸಿ ತಾನಾಗಿ ಸುರಿದುಹೋಗಲು ಬಿಡಬೇಕು. ಅಮ್ಮನ ಔಷಧ ತಪ್ಪಲ್ಲ. ಒಂದು ದಿನ ಮೊದಲೇ ಬಂದಿತ್ತು, ಅಷ್ಟೆ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತೊವ್ವೆ, ಮೆಣಸು ಹಾಕದ ಪೊಂಗಲ್, ಕಳಿತ ಪರಂಗಿಹಣ್ಣು ಇವನ್ನು ಇನ್ನೊಂದು ಪಕ್ಕದಲ್ಲಿ ಅಗಿದು ತಿನ್ನಬಹುದು. ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲವೆನ್ನುವ ಉತ್ತರದ ಬಂಧುಗಳು ಅದನ್ನು ಹಾಲಿನಲ್ಲಿ ನೆನೆಸಿ ಕಿವುಚಿಕೊಳ್ಳಲಿ.

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಮಂಡಕ್ಕಿ, ಎಳ್ಳು, ಕಡಲೆಕಾಯಿಗಳಿಗೆ ಒಂದು ವಾರವಾದರೂ ಬಾಗಿಲು ಹಾಕಿರಬೇಕು. ಉಪ್ಪಿನಕಾಯಿ, ಖಾರದ ಸಾರುಗಳು ಹಸಿಗಾಯವನ್ನು ಉರಿಸುತ್ತವೆ. ಎಲೆ ಅಡಿಕೆ ಬೇಡ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳಂತೂ ಹೆಪ್ಪಿನ ವೈರಿಗಳು. ಕನಿಷ್ಠ ಮೂರು ದಿನ ಬಿಡಲೇಬೇಕು, ಬಿಟ್ಟವರು ಮತ್ತೆ ಹಿಡಿಯದಿದ್ದರೆ ಇನ್ನೂ ಒಳ್ಳೆಯದು. ಒಸಡು ಕೂಡಿಕೊಳ್ಳಲು ಸುಮಾರು ಎರಡು ವಾರ ಬೇಕು. ಒಳಗೆ ಎಲುಬು ತುಂಬಲು ತಿಂಗಳುಗಳೇ ಬೇಕು.

ಇಷ್ಟೆಲ್ಲ ಕಲಿತ ಮೇಲೂ ಒಂದು ಪಾಠ ಉಳಿದಿತ್ತು. ಮುಂದಿನ ಬೇಸಿಗೆಯಲ್ಲಿ ಅಮ್ಮನ ಹಲ್ಲೊಂದನ್ನು ಕೀಳಿಸಬೇಕಾಯಿತು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಪ್ಪದೆ ಮಾತ್ರೆ ನುಂಗುತ್ತಾರೆ. ತಿಂಡಿ ತಿಂದೇ ಬರಬೇಕೆಂದು ವೈದ್ಯರು ಹೇಳಿದ್ದರು. ಅಮ್ಮ ಮಾತ್ರೆ ನುಂಗಿದರು, ತಿಂಡಿಯನ್ನು ಬಿಟ್ಟರು. ನಮಗೆ ತಿಳಿಸಲೂ ಇಲ್ಲ. ಮಧ್ಯಾಹ್ನ ಗಂಜಿ ತಂದರೆ, "ನಿನ್ನ ಹೆಪ್ಪು ಗಟ್ಟಿಯಾಗಲಿ ಕಣೋ. ಏಕಾದಶಿ ಅಂದ್ಕೊಂಡು ಇದ್ದುಬಿಡ್ತೀನಿ" ಎಂದರು. ಅವರ ನಿಷ್ಠೆಗೆ ನಾವು ಮೆಚ್ಚಿ ತಲೆದೂಗಿದೆವು. ಮೂರು ಗಂಟೆಯ ಹೊತ್ತಿಗೆ ಅವರ ಮೈ ಬೆವರಿ ಕೈ ನಡುಗತೊಡಗಿತು. ಮೊಮ್ಮಗಳ ಹೆಸರು ನಾಲಗೆಗೆ ಬರಲಿಲ್ಲ. ನನ್ನಾಕೆ ಸಕ್ಕರೆ ಕಲಸಿದ ನೀರನ್ನು ತಂದು ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು. ಆ ಕಾಲು ಗಂಟೆಯನ್ನು ನಾನು ಮರೆಯಲಾರೆ. ನನ್ನ ತಪ್ಪಿಗೆ ತೆತ್ತದ್ದು ಬರಿಯ ನೋವು. ಅವರ ನಿಷ್ಠೆಗೆ ತೆರಬೇಕಾಗಿದ್ದುದು ಜೀವವೇ ಆಗಬಹುದಿತ್ತು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಹೆಪ್ಪನ್ನು ಕಾಯುವುದೆಂದರೆ ಹೊಟ್ಟೆಯನ್ನು ಕಾಯಿಸುವುದಲ್ಲ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರಿಗೆ ಹೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಮನೆಮದ್ದನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಆ ಚೀಟಿ ಈಗ ನಮ್ಮ ಅಡಿಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಕೊಂಡಿದೆ. ಅದರ ಅಡಿಯಲ್ಲಿ ಅಮ್ಮ ತಮ್ಮ ದುಂಡನೆಯ ಅಕ್ಷರಗಳಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಉಪವಾಸ ಕೂಡದು."