ಪಹಣಿ ಕಲಿಸುವ ತರ್ಕ

ಹೊಸ ಸಂಗತಿ ತಿಳಿದಾಗ ಹಳೆಯ ನಂಬಿಕೆಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಕಂಪ್ಯೂಟರಿಗೆ ತಿಳಿವಳಿಕೆ ತುಂಬಲು ಹೊರಟವರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ ಇದು. 1985ರಲ್ಲಿ ಆಲ್ಚುರಾನ್, ಗಾರ್ಡನ್‌ಫೋರ್ಸ್, ಮೇಕಿನ್‌ಸನ್ ಎಂಬ ಮೂವರು ಕೊಟ್ಟ ಉತ್ತರದ ಸಾರ ಇಷ್ಟು: ಹೊಸದಕ್ಕೆ ಅಡ್ಡ ಬರುವಷ್ಟನ್ನು ಮಾತ್ರ ತೆಗೆಯಿರಿ, ಉಳಿದದ್ದನ್ನು ಮುಟ್ಟಬೇಡಿ. ಉತ್ತರ ಸರಿ, ಆದರೆ ಸಾಲದು. ಬದಲಾವಣೆ ಯಾಕಾಯಿತು ಎಂಬುದೂ ಯಂತ್ರಕ್ಕೆ ಗೊತ್ತಿರಬೇಕು. ಜಮೀನಿನ ಹಕ್ಕುದಾಖಲೆಯಾದ ನಮ್ಮ ಪಹಣಿಯನ್ನೇ ನೋಡಿ.

ಕರ್ನಾಟಕ ಭೂಕಂದಾಯ ಕಾಯಿದೆ, 1964ರ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದನ್ನು ನಿಜವೆಂದೇ ಭಾವಿಸಬೇಕು. ಅದು ಸುಳ್ಳೆಂದು ಸಾಬೀತಾಗುವವರೆಗೆ, ಇಲ್ಲವೇ ಅದರ ಜಾಗಕ್ಕೆ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ ಮಾತ್ರ. ಇವು ಎರಡು ಬೇರೆ ದಾರಿಗಳು. ಇದೇ ಭೇದವನ್ನು ಕಟ್ಸುನೊ ಮತ್ತು ಮೆಂಡೆಲ್ಸನ್ 1991ರಲ್ಲಿ ತರ್ಕದ ಭಾಷೆಯಲ್ಲಿ ಬಿಡಿಸಿಟ್ಟರು.

ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿ ಪಿತ್ರಾರ್ಜಿತವಾದ ಒಂದು ಹಿಪ್ಪುನೇರಳೆ ತೋಟ ಇದೆ ಎಂದಿಟ್ಟುಕೊಳ್ಳೋಣ. ತಂದೆ ತೀರಿಕೊಂಡರು, ಪೌತಿ ಖಾತೆಯಾಗಿ ಒಂಬತ್ತನೇ ಕಾಲಮಿಗೆ ಮಗನ ಹೆಸರು ಬಂತು. ತಂದೆಯ ಹೆಸರು ಹೋಯಿತೇ ಹೊರತು ಸುಳ್ಳಾಗಲಿಲ್ಲ. ಅವರ ಕಾಲದ ವ್ಯವಹಾರಗಳೆಲ್ಲ ಊರ್ಜಿತವೇ. ಮುಂದೆ ಮಗ ತೋಟ ಮಾರಿದ, ಕೊಂಡವರು ಬ್ಯಾಂಕಿನಲ್ಲಿ ಸಾಲ ತೆಗೆದರು, ಹನ್ನೊಂದನೇ ಕಾಲಮಿನಲ್ಲಿ ಅದು ನಮೂದಾಯಿತು. ಆಮೇಲೆ ಮಗಳು ನ್ಯಾಯಾಲಯಕ್ಕೆ ಹೋಗಿ, ಪೌತಿ ಖಾತೆಗೆ ಕೊಟ್ಟ ವಂಶವೃಕ್ಷದಲ್ಲಿ ತನ್ನ ಹೆಸರು ಬಿಟ್ಟಿದ್ದಾರೆಂದು ರುಜುವಾತು ಮಾಡಿದಳು. ಈ ಸಲ ಲೋಕ ಬದಲಾಗಿಲ್ಲ, ದಾಖಲೆಯೇ ಮೊದಲಿನಿಂದ ತಪ್ಪಾಗಿತ್ತು. ಹಾಗಾಗಿ ಅದನ್ನು ನೆಚ್ಚಿ ನಡೆದ ಕ್ರಯವನ್ನೂ ಸಾಲವನ್ನೂ ಮತ್ತೆ ಪರಿಶೀಲಿಸಬೇಕು.

ಹಳೆಯ ಹೆಸರು ಅಳಿಸಿ ಹೊಸದನ್ನು ಕೂರಿಸುವ ಪ್ರೋಗ್ರಾಮಿಗೆ ಈ ಎರಡೂ ಒಂದೇ. ಪಹಣಿಯಲ್ಲಿ ಹೆಸರಿನ ಪಕ್ಕ ಮ್ಯುಟೇಷನ್ ನಂಬರು ಇರುವುದರಿಂದಲೇ ಜಾಡು ಹಿಡಿದು ಹಿಂದಕ್ಕೆ ಹೋಗಬಹುದು. 1979ರಲ್ಲಿ ಜಾನ್ ಡಾಯ್ಲ್ ವಿವರಿಸಿದ ವ್ಯವಸ್ಥೆಯ ಜೀವಾಳವೂ ಇದೇ: ಪ್ರತಿ ನಂಬಿಕೆಯ ಜೊತೆಗೆ ಅದರ ಆಧಾರವನ್ನೂ ಬರೆದಿಡಬೇಕು, ಆಧಾರ ಬಿದ್ದರೆ ಅದರ ಮೇಲೆ ನಿಂತದ್ದೆಲ್ಲ ಮರುಪರಿಶೀಲನೆಗೆ ಬರಬೇಕು.

ಇನ್ನೊಂದು ಎಚ್ಚರವೂ ಬೇಕು. ಸಾಬೀತು ಮಾಡಲಾಗದ್ದನ್ನು ಪ್ರೊಲಾಗ್ ಭಾಷೆ 'ಇಲ್ಲ' ಎಂದೇ ಎಣಿಸುತ್ತದೆ. ಈ ನಿಯಮಕ್ಕೆ 1978ರಲ್ಲಿ ಕೀತ್ ಕ್ಲಾರ್ಕ್ ತಾರ್ಕಿಕ ಬುನಾದಿ ಹಾಕಿದರು. ಹನ್ನೊಂದನೇ ಕಾಲಂ ಖಾಲಿಯಿದ್ದರೆ ಸಾಲವಿಲ್ಲ ಎಂದುಕೊಳ್ಳುವುದು ದಿನನಿತ್ಯದ ಕೆಲಸಕ್ಕೆ ಅನುಕೂಲವೇ. ಅದೇ ನಿಯಮವನ್ನು ವಂಶವೃಕ್ಷಕ್ಕೆ ಹಚ್ಚಿದರೆ, ಹೆಸರಿಲ್ಲದ ಮಗಳು ಹುಟ್ಟೇ ಇಲ್ಲವೆಂದಾಗುತ್ತದೆ. ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ ಎರಡೂ ಅವಿಭಕ್ತ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಕೊಟ್ಟ ಹಕ್ಕು, ಒಂದು ಖಾಲಿ ಜಾಗದಿಂದಾಗಿ ಕಾಗದದಲ್ಲೇ ಉಳಿಯುತ್ತದೆ. 'ಗೊತ್ತಿಲ್ಲ' ಎನ್ನಬೇಕಾದಲ್ಲಿ 'ಇಲ್ಲ' ಎನ್ನುವುದು ಅನ್ಯಾಯ.

ಪಹಣಿ ಇಂದು 'ಭೂಮಿ' ತಂತ್ರಾಂಶದಲ್ಲಿದೆ. ಯಂತ್ರಗಳಿಗೆ ನಾವು ಒಪ್ಪಿಸುವ ತೀರ್ಮಾನಗಳು ಇನ್ನೂ ಹೆಚ್ಚಲಿವೆ. ಅವು ಬೇಗ ತಿದ್ದಿಕೊಂಡರೆ ಸಾಲದು, ತಿದ್ದಿದ್ದು ಯಾಕೆಂದು ಹೇಳಬೇಕು. ಹೇಳಲಾರದಿದ್ದರೆ, ತಪ್ಪು ಎಲ್ಲಾಯಿತೆಂದು ಹುಡುಕಿ ತೋರಿಸುವ ಹೊರೆ ಬೀಳುವುದು ಹಕ್ಕು ಕಳೆದುಕೊಂಡವರ ತಲೆಯ ಮೇಲೆಯೇ.