8.17 ತಪ್ಪಿದರೆ

ಮುಂಬಯಿಗೆ ಬಂದ ಹೊಸತರಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಇಲ್ಲಿಯವರು ಹೊತ್ತು ಹೇಳುವ ಕ್ರಮ. ಊರಿನಲ್ಲಿ 'ಎಂಟು, ಎಂಟೂವರೆಗೆ ಬರ್ತೇನೆ' ಎಂದವರು ಒಂಬತ್ತಕ್ಕೆ ಬಂದರೂ ಯಾರೂ ಬೇಸರಿಸುವುದಿಲ್ಲ. ಇಲ್ಲಿ 8.17, 8.42, 9.06. ಅದು ಗಂಟೆಯಲ್ಲ, ಗಾಡಿಯ ಹೆಸರು. ಇಷ್ಟು ಶಿಸ್ತಿನ ಊರಿಗೂ ಹಿಂದೆ ತನ್ನದೇ ಹಠವಿತ್ತು. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯವೆಂದು ಸರಕಾರ ಗೊತ್ತುಮಾಡಿದರೂ, 39 ನಿಮಿಷ ಹಿಂದಿದ್ದ 'ಬಾಂಬೆ ಟೈಮ್' ಇಲ್ಲಿ 1955ರವರೆಗೂ ಉಳಿದುಕೊಂಡಿತ್ತು. ಆ 39 ನಿಮಿಷವನ್ನು ಈಗ ಯಾರಾದರೂ ವಾಪಸು ಕೊಟ್ಟರೆ ನಾವು ಡೊಂಬಿವಲಿಯವರು ಕೈಮುಗಿದು ತೆಗೆದುಕೊಂಡೇವು.

ಡೊಂಬಿವಲಿಯಿಂದ ಫೋರ್ಟಿಗೆ ಹೋಗಿಬರುತ್ತಾ ನನಗೆ ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ಮೊದಲ ಹತ್ತು ವರ್ಷ ಓಡಿಯೇ ಗಾಡಿ ಹಿಡಿದವ. ಪಾಸು ನಿನ್ನೆಯ ಅಂಗಿಯ ಕಿಸೆಯಲ್ಲಿ, ಕೊಡೆ ಬಾಲ್ಕನಿಯಲ್ಲಿ, ಒಂದು ಕಾಲುಚೀಲ ಮಾತ್ರ ಕೈಯಲ್ಲಿ. ಎರಡೆರಡು ನಿಮಿಷ ಹೀಗೇ ಹೋಗಿ 8.17ರ ಫಾಸ್ಟ್ ಕಣ್ಣೆದುರೇ ಹೊರಟುಬಿಡುತ್ತಿತ್ತು. ಇಲ್ಲಿ ಐದು ನಿಮಿಷ ತಡವೆಂದರೆ ಐದೇ ನಿಮಿಷವಲ್ಲ. ಮುಂದಿನ ಗಾಡಿ ಬದಲಾಪುರ, ಅಂಬರನಾಥದಿಂದಲೇ ತುಂಬಿಕೊಂಡು ಬರುತ್ತದೆ. ಅದನ್ನು ಬಿಟ್ಟು, ಅದರ ಹಿಂದಿನದನ್ನೂ ಬಿಟ್ಟು, ಮೂರನೆಯದಕ್ಕೆ ನೇತಾಡಿ ಹೋದರೆ ಮಸ್ಟರಿನಲ್ಲಿ ಕೆಂಪು ಗೆರೆ. ಮೂರು ಕೆಂಪು ಗೆರೆಗೆ ಅರ್ಧ ದಿನದ ರಜೆ ಕಡಿತ.

ಮಳೆಗಾಲದ ಒಂದು ಬೆಳಿಗ್ಗೆ, ಬ್ರಿಜ್ ಹತ್ತಿ ಇಳಿಯುವ ಮೂರು ನಿಮಿಷ ಉಳಿಸಲು ಹಳಿಗೆ ಇಳಿದೆ. ಬರುತ್ತಿದ್ದ ಗಾಡಿ ಇನ್ನೂ ಬಹಳ ದೂರ ಇದೆಯೆಂದೇ ಕಂಡಿತು. ಜಲ್ಲಿಯ ಮೇಲೆ ಚಪ್ಪಲಿ ಜಾರಿ ಮೊಣಕಾಲೂರಿದೆ. ಹೇಗೋ ಎದ್ದು ಆಚೆಯ ಪ್ಲಾಟ್‌ಫಾರ್ಮಿನ ಅಂಚು ಹಿಡಿದಾಗ ಇಬ್ಬರು ರಟ್ಟೆ ಹಿಡಿದು ಮೇಲಕ್ಕೆಳೆದರು. ಬೆನ್ನಿಗೆ ಗಾಡಿಯ ಗಾಳಿ ಬಡಿಯಿತು. ಎಳೆದವರಲ್ಲೊಬ್ಬ ಮರಾಠಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ನನ್ನ ಊಟದ ಡಬ್ಬಿ ಹಳಿಯ ಮೇಲೆ ಉಳಿಯಿತು.

ಗಾಡಿ ದೂರ ಇದೆಯೆಂದು ಕಂಡದ್ದು ನನ್ನೊಬ್ಬನ ಮೂರ್ಖತನವಲ್ಲವೆಂದು ಆಮೇಲೆ ತಿಳಿಯಿತು. ದೊಡ್ಡ ವಸ್ತು ಎಷ್ಟೇ ವೇಗವಾಗಿ ಬಂದರೂ ಕಣ್ಣಿಗೆ ನಿಧಾನವಾಗಿಯೇ ಕಾಣುತ್ತದಂತೆ. 2010ರ ಸುಮಾರಿಗೆ ಫೈನಲ್‌ಮೈಲ್ ಎಂಬ ಸಂಸ್ಥೆ ರೈಲ್ವೆಯ ಜೊತೆ ಸೇರಿ ವಡಾಲದಲ್ಲಿ ಒಂದು ಪ್ರಯೋಗ ಮಾಡಿತು. ಹಳಿಯಡಿಯ ಕೆಲವು ಸ್ಲೀಪರುಗಳಿಗೆ ಹಳದಿ ಬಣ್ಣ ಬಳಿದರು. ಅವು ಒಂದೊಂದಾಗಿ ಗಾಡಿಯಡಿ ಮರೆಯಾಗುವುದನ್ನು ನೋಡಿದರೆ ವೇಗ ಅಂದಾಜಿಗೆ ಸಿಗುತ್ತದೆ. ಉದ್ದನೆಯ ಹಾರ್ನಿನ ಬದಲು ಎರಡು ಗಿಡ್ಡ ಹಾರ್ನ್. ಜೊತೆಗೆ ಗಾಡಿಗೆ ಸಿಗುತ್ತಿರುವವನ ಮುಖದ ಮೂರು ಫೋಟೋ. 'ಹಳಿ ದಾಟಬೇಡಿ' ಎಂಬ ಬೋರ್ಡಿಗೆ ಬಗ್ಗದ ಜನ ಇದಕ್ಕೆ ಬಗ್ಗಿದರು, ಅಲ್ಲಿ ಸಾವು ಕಡಿಮೆಯಾಯಿತು. ಆದರೂ ಲೋಕಲ್ ಗಾಡಿಗಳ ಈ ಊರಿನಲ್ಲಿ ಈಗಲೂ ವರ್ಷಕ್ಕೆ 2,000ಕ್ಕಿಂತ ಹೆಚ್ಚು ಜನ ರೈಲಿನ ದಾರಿಯಲ್ಲೇ ಸಾಯುತ್ತಾರೆ. ಅದರಲ್ಲಿ ದೊಡ್ಡ ಪಾಲು ಹಳಿ ದಾಟುವವರದು. ಹಾಗೆಂದು ಎಲ್ಲ ತಪ್ಪನ್ನೂ ಪ್ರಯಾಣಿಕನ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ 23 ಮಂದಿ ಬ್ರಿಜ್ಜಿನ ಮೇಲೆಯೇ ಇದ್ದವರು.

ಡಬ್ಬಿಯಿಲ್ಲದೆ ಮನೆಗೆ ಬಂದ ಆ ರಾತ್ರಿ, ನಾಳೆಯಿಂದ 7.58ಕ್ಕೆ ಹೋಗುತ್ತೇನೆ ಎಂದು ಘೋಷಿಸಿದೆ. ಇವಳು ಪಾತ್ರೆ ಒರೆಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ನೀವು ಇಪ್ಪತ್ತು ನಿಮಿಷ ಮುಂಚೆ ಹೊರಟರೆ ಡಬ್ಬಿ ಇಪ್ಪತ್ತು ನಿಮಿಷ ಮುಂಚೆ ಆಗಬೇಕಲ್ಲ? ನಾನು ಈಗಲೇ ಐದಕ್ಕೆ ಏಳ್ತೇನೆ. ಇನ್ನು ನಾಲ್ಕು ನಲವತ್ತಕ್ಕಾ?"

ಅವಳಿಗೂ ಠಾಣೆಯಲ್ಲಿ ಕೆಲಸ, ಅವಳಿಗೂ ಗಾಡಿ. ಹತ್ತು ವರ್ಷದಲ್ಲಿ ಅವಳು ಓಡಿದ್ದನ್ನು ನಾನು ನೋಡಿರಲೇ ಇಲ್ಲ. ಅವಳ ಓಟವೆಲ್ಲ ಅಡುಗೆಮನೆಯಲ್ಲೇ ಮುಗಿಯುತ್ತಿತ್ತು. ಸಮಯ ಉಳಿಸುವ ಪುಸ್ತಕಗಳನ್ನು ನಾನೂ ಒಂದೆರಡು ಓದಿದ್ದೇನೆ. ಉಳಿಸಿದ್ದು ಯಾರ ಕಿಸೆಯಿಂದ ಬಂತೆಂದು ಅವುಗಳಲ್ಲಿ ಬರೆದದ್ದು ನೆನಪಿಲ್ಲ.

ಹಾಗಾಗಿ ನನ್ನ ಇಪ್ಪತ್ತು ನಿಮಿಷವನ್ನು ನಾನೇ ಹುಡುಕಬೇಕಾಯಿತು. ಸಿಕ್ಕಿದ್ದು ರಾತ್ರಿ, ಟಿವಿಯ ಮುಂದೆ. ಈಗ ವಾರ್ತೆ ಕೇಳುತ್ತಲೇ ಮರುದಿನದ ತರಕಾರಿ ಹೆಚ್ಚುತ್ತೇನೆ, ಚಪಾತಿ ಹಿಟ್ಟು ಕಲಸಿಡುತ್ತೇನೆ. ಪಾಸು, ಕೊಡೆ, ಚೀಲ ಬಾಗಿಲ ಹಿಂದಿನ ಮೊಳೆಗೆ. ಬೆಳಿಗ್ಗೆ ನೀರು ತುಂಬಿಸುವುದೂ ನನ್ನದೇ ಪಾಲು. ಇವಳು ಈಗ ಐದೂಕಾಲಿಗೆ ಏಳುತ್ತಾಳೆ. ಬೀನ್ಸು ದಪ್ಪ ಹೆಚ್ಚುತ್ತೀರಿ ಎಂಬ ದೂರು ಮಾತ್ರ ಇನ್ನೂ ನಿಂತಿಲ್ಲ. ಸಂಜೆ ಆರಕ್ಕೆ ಫೈಲು ತಂದು 'ಇವತ್ತೇ ಬೇಕು' ಎನ್ನುವ ಸಾಹೇಬರಿಗೆ ಮದ್ದು ನನ್ನಲ್ಲಿಲ್ಲ.

ಕಳೆದ ಸೋಮವಾರ ಲಿಫ್ಟ್ ಕೈಕೊಟ್ಟು 7.58 ತಪ್ಪಿತು. ಹೇಗೂ 8.17 ಇತ್ತಲ್ಲ, ನಿಧಾನವಾಗಿ ಬ್ರಿಜ್ ಹತ್ತಿದೆ.